ಹನ್ನೊಂದು ಸಾವಿರ ಸಾಲುಗಳ ತಾಳೆ

ರಾಯಚೂರಿನಿಂದ ಯರಗೇರಾ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹೊತ್ತಿಗೆ, ಎಡಗಡೆ ಎರಡಂತಸ್ತಿನ ಒಂದು ಕಟ್ಟಡವಿದೆ. ಕೆಳಗೆ ನೀರು ಪರೀಕ್ಷಿಸುವ ಪ್ರಯೋಗಾಲಯ, ಮೇಲೆ ಕಚೇರಿ. ಕಚೇರಿಯ ಮೂಲೆಯ ಸಣ್ಣ ಕೋಣೆಯಲ್ಲಿ ಸರ್ವರ್ ಇದೆ. ಅದನ್ನು ನೋಡಿಕೊಳ್ಳುವವಳು ಕಲ್ಯಾಣಿ. ಸಂಸ್ಥೆಗೆ ಸೇರಿದಾಗ ಆಕೆಗೆ ಇಪ್ಪತ್ತನಾಲ್ಕು ವರ್ಷ. ಈಗ ನಲವತ್ತು ದಾಟಿದೆ.

ಆಕೆ ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ. ತಂದೆ ಸೂಗಪ್ಪ ಕಾಲುವೆಯ ದಂಡೆಗೆ ಕಲ್ಲು ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದ. ತಾಯಿ ಗೋಪಮ್ಮ ಭತ್ತ ನಾಟಿ ಹಚ್ಚುವ ಹೆಂಗಸರ ಗುಂಪಿನಲ್ಲಿದ್ದಳು. ಮನೆಯಲ್ಲಿ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಮಕ್ಕಳ ಪುಸ್ತಕ ಇಡುವ ಹಲಗೆ. ಆ ಹಲಗೆಯ ಮೇಲೆ ಬೇರೆ ಏನನ್ನೂ ಇಡಲು ಸೂಗಪ್ಪ ಬಿಡುತ್ತಿರಲಿಲ್ಲ. ಕಲ್ಯಾಣಿ ಮಾನ್ವಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬಂದಳು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪದವಿ ಮುಗಿಸಿದಳು. ಕಂಪ್ಯೂಟರ್ ಓದಿದ್ದರೂ ಮೊದಲು ಸಿಕ್ಕಿದ್ದು ಟೈಪಿಂಗ್ ಕೆಲಸ.

ಆಗ ಸಂಸ್ಥೆ ಇದ್ದದ್ದು ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಗಳಲ್ಲಿ. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಳ್ಳಿಗಳಿಂದ ಕೈಪಂಪಿನ ನೀರು ಬಾಟಲಿಯಲ್ಲಿ ಬರುತ್ತಿತ್ತು. ಕೆಮಿಸ್ಟರು ಅದರಲ್ಲಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂದು ಅಳೆದು, ಪೆನ್ನಿನಲ್ಲಿ ರಿಜಿಸ್ಟರಿಗೆ ಬರೆಯುತ್ತಿದ್ದರು. ಕಲ್ಯಾಣಿ ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಪಂಪಿಗೆ ಹಸಿರು ಬಣ್ಣ, ಹೆಚ್ಚಿದ್ದರೆ ಕೆಂಪು. ಹಸಿರು ಎಂದರೆ ಕುಡಿಯಬಹುದು. ಮೂರು ತಿಂಗಳಿಗೊಮ್ಮೆ, ಹೊಸದಾಗಿ ಅಳೆದ ಪಂಪುಗಳ ಊರುಗಳಿಗೆ ಕಾಗದ ಹೋಗುತ್ತಿತ್ತು; ಒಮ್ಮೆ ಅಳೆದ ಪಂಪನ್ನು ಮತ್ತೆ ಅಳೆಯುವುದು ಅಪರೂಪ. ಬಣ್ಣ ಬಳಿಯುವುದು ಆ ಕಾಗದ ನೋಡಿಯೇ.

2014ರಲ್ಲಿ ಸಂಸ್ಥೆ ರಾಯಚೂರಿಗೆ ಬಂತು. ಮರುವರ್ಷ ಹೈದರಾಬಾದಿನ ಒಬ್ಬ ತಂತ್ರಜ್ಞ ಬಂದು ಲಿನಕ್ಸ್ ಸರ್ವರ್ ಕೂರಿಸಿಕೊಟ್ಟ. ಅದರಲ್ಲಿ ಎರಡು ಡಿಸ್ಕು. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಇದಕ್ಕೆ ಮಿರರ್ ಎನ್ನುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬ ಧೈರ್ಯ. ಅವನು ಕೆಲಸ ಮಾಡುವಾಗ ಕಲ್ಯಾಣಿ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು, ಅವನು ಒತ್ತಿದ ಒಂದೊಂದು ಕಮಾಂಡನ್ನೂ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ‘ಎಲ್ಎಸ್: ಏನೇನದ ತೋರ್ಸು’ ಎಂದು ಆ ಪುಸ್ತಕ ಶುರುವಾಗುತ್ತದೆ. ಎರಡು ವರ್ಷದಲ್ಲಿ ಅವಳು ಅವನಿಗೆ ಫೋನ್ ಮಾಡುವುದನ್ನು ಬಿಟ್ಟಳು. ಆದರೂ ಕರಾರಿನ ಪ್ರಕಾರ ಅವನು ಆಗೊಮ್ಮೆ ಈಗೊಮ್ಮೆ ಬಂದು ಮಷಿನ್ ನೋಡಿ ಹೋಗುತ್ತಿದ್ದ.

2022ರ ಆಗಸ್ಟಿನ ಒಂದು ದಿನ ಮಾನ್ವಿ ಕಡೆಯ ಹಳ್ಳಿ ಶಾಲೆಯೊಂದರ ಹೆಡ್‌ಮಾಸ್ತರ್ ಯಂಕೋಬ ಅವರು ಬಂದರು. ಶಾಲೆಯ ಬಳಿಯ ಪಂಪಿನ ನೀರಿನಲ್ಲಿ ಬಿಸಿಯೂಟ ಮಾಡಿಸಬಹುದೇ, ಹಳೆಯ ಪರೀಕ್ಷೆಯ ದಾಖಲೆ ಕೊಡಿ ಎಂದರು. ಅದು 2020ರ ಅಕ್ಟೋಬರಿನ ಪರೀಕ್ಷೆ. ಕರೋನಾದ ಗದ್ದಲದಲ್ಲಿ ಆ ಊರಿಗೆ ಕಾಗದ ಹೋಗಿರಲಿಲ್ಲ. ಕಲ್ಯಾಣಿ ಫೈಲ್ ತೆರೆದು ಪ್ರಿಂಟ್ ಕೊಟ್ಟಳು: 1.3. ಸಹಿ ಹಾಕಬೇಕಾದ ಅಂಬರೇಶ ಸರ್ ಊಟಕ್ಕೆ ಹೋಗಿದ್ದರು. ಅವರು ದೇವದುರ್ಗದವರು, ರಸಾಯನಶಾಸ್ತ್ರ ಓದಿದವರು, ಪ್ರಯೋಗಾಲಯದ ಮುಖ್ಯಸ್ಥರು. ಅವರು ಬರುವಷ್ಟರಲ್ಲಿ ಕರೆಂಟ್ ಹೋಗಿ, ಬ್ಯಾಟರಿ ಕೈಕೊಟ್ಟು, ಸರ್ವರ್ ಆರಿ ಮತ್ತೆ ಹತ್ತಿತು. ಸಹಿ ಹಾಕುವ ಮೊದಲು ತಮ್ಮ ಪರದೆಯ ಮೇಲೆ ಅದೇ ಫೈಲನ್ನು ತೆರೆದು ನೋಡುವುದು ಅಂಬರೇಶರ ಅಭ್ಯಾಸ. ಅಲ್ಲಿ 9.3 ಇತ್ತು.

ಹೆಡ್‌ಮಾಸ್ತರು ಕೈಯಲ್ಲಿದ್ದ ಕಾಗದವನ್ನೂ ಪರದೆಯನ್ನೂ ಎರಡು ಸಲ ನೋಡಿದರು.

“ಸರ್, ಈಗ ಕೊಟ್ಟ ಕಾಗದದಾಗ ಒಂದು ಪಾಯಿಂಟ್ ಮೂರು ಅದ. ಇಲ್ಲಿ ಒಂಬತ್ತು ಕಾಣಾಕತ್ತದ. ನಾ ಹುಡುಗ್ರಿಗೆ ಈ ನೀರಾಗ ಅನ್ನ ಮಾಡಿಸ್ಲೋ ಬ್ಯಾಡೋ, ಅದನ್ನ ಹೇಳ್ರಿ.”

ಅಂಬರೇಶ ಕಲ್ಯಾಣಿಯನ್ನು ಕರೆದರು. “ಏನಾರ ಬೆರಳು ತಪ್ಪಿ ಒತ್ತೀಯೇನು?”

“ಇಲ್ರಿ ಸರ್. ಫೈಲ್ ಕಡೀಗೆ ತಿದ್ದಿದ ತಾರೀಕು ನೋಡ್ರಿ, ಎರಡು ವರ್ಷದ ಹಿಂದಿಂದ ಅದ. ಆಮ್ಯಾಲ ಯಾರೂ ಮುಟ್ಟಿಲ್ಲ.”

“ಯಾರೂ ಮುಟ್ಟಲಾರದ ನಂಬರ್ ತಾನ ಬದಲಾಗ್ತದೇನು?”

ಮಾಸ್ತರಿಗೆ ಸದ್ಯ ಆ ನೀರು ಬಳಸಬೇಡಿ, ಎರಡು ದಿನದಲ್ಲಿ ತಿಳಿಸುತ್ತೇವೆ ಎಂದು ಹೇಳಿ ಕಳಿಸಿದರು. ಅವರು ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಕಲ್ಯಾಣಿ ಸರ್ವರ್ ಮುಂದೆ ಕುಳಿತು, ಎರಡು ಡಿಸ್ಕುಗಳನ್ನೂ ಒಂದಕ್ಕೊಂದು ಹೋಲಿಸಿ ನೋಡುವ ಕೆಲಸಕ್ಕೆ ಹಚ್ಚಿದಳು. ತಿದ್ದಬೇಡ, ಹೋಲಿಸು ಎಂದಷ್ಟೇ ಹೇಳುವ ಕಮಾಂಡ್ ಅದು. ಸಂಜೆಯ ಹೊತ್ತಿಗೆ ಉತ್ತರ ಬಂತು. ಎರಡು ಡಿಸ್ಕುಗಳು ಮೂರು ಜಾಗದಲ್ಲಿ ಬೇರೆ ಬೇರೆ ಹೇಳುತ್ತಿದ್ದವು. ಮರುದಿನ ಬೆಳಿಗ್ಗೆ ಅವುಗಳನ್ನು ಹುಡುಕಿದಳು. ಒಂದು ಖಾಲಿ ಜಾಗ, ಇನ್ನೊಂದು ಯಾವುದೋ ಹಳೆಯ ಫೋಟೋ, ಮೂರನೆಯದು ಮಾಸ್ತರ ಊರಿನ ಸಾಲು. ಮೊದಲ ಡಿಸ್ಕಿನಲ್ಲಿ 9.3, ಎರಡನೆಯದರಲ್ಲಿ 1.3. ಮಷಿನ್ ಒಮ್ಮೆ ಇದರಿಂದ ಓದುತ್ತದೆ, ಒಮ್ಮೆ ಅದರಿಂದ. ಯಾವುದರಿಂದ ಓದಿತೆಂದು ಹೇಳುವುದಿಲ್ಲ. ಕಂಪ್ಯೂಟರಿನೊಳಗೆ ಒಂದು ಎಂಬ ಅಂಕಿಗೂ ಒಂಬತ್ತು ಎಂಬ ಅಂಕಿಗೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಅದು ಎಲ್ಲಿಯೋ ಹೊರಳಿತ್ತು. ಡಿಸ್ಕು ಕೆಟ್ಟಿದ್ದೇನೆ ಎಂದು ದೂರು ಕೊಟ್ಟಿರಲಿಲ್ಲ. ತನ್ನಲ್ಲಿದ್ದದ್ದನ್ನು ಸರಿಯಾದದ್ದೆಂಬಂತೆ ಕೊಡುತ್ತಿತ್ತು.

ಅಂಬರೇಶ ಹೈದರಾಬಾದಿನ ತಂತ್ರಜ್ಞನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು. ಅವನು ಎಲ್ಲವನ್ನೂ ಕೇಳಿ, “ಮಾಮೂಲಿ ಸರ್ ಅದು. ರಿಪೇರ್ ಕಮಾಂಡ್ ಕೊಡಿ, ಎರಡೂ ಒಂದೇ ಆಗುತ್ತೆ,” ಎಂದ.

ಕಲ್ಯಾಣಿ ಕೀಬೋರ್ಡಿನ ಮೇಲಿಂದ ಕೈ ತೆಗೆದಳು.

“ಬ್ಯಾಡ್ರಿ ಸರ್. ಯಾವುದು ಖರೇ ಅಂತ ಮಷಿನ್ನಿಗೆ ಗೊತ್ತಿಲ್ಲ. ಅದು ಮೊದಲ್ನೇ ಡಿಸ್ಕಿನಾಗ ಇದ್ದದ್ದನ್ನ ತೊಗೊಂಡು ಎರಡನೇದರ ಮ್ಯಾಲ ಬರೀತದ. ಆಮ್ಯಾಲ ಎರಡೂ ಒಂದೇ ಹೇಳ್ತಾವ. ಸುಳ್ಳು ಹೇಳಿದ್ರೂ ಕೂಡೇ ಹೇಳ್ತಾವ. ಹುಡುಕಾಕ ಏನೂ ಉಳಿಯಂಗಿಲ್ಲ.”

“ಬ್ಯಾಕಪ್ ಅದಲ್ಲ? ಅದರಾಗ ನೋಡು.”

ಬ್ಯಾಕಪ್ ತೆಗೆದು ನೋಡಿದರು. 9.3 ಎಂದಿತ್ತು.

“ಹಂಗಾದ್ರ ಮುಗೀತು. ಎರಡು ಕಡಿ ಒಂಬತ್ತು, ಒಂದು ಕಡಿ ಒಂದು,” ಎಂದರು ಅಂಬರೇಶ.

“ಬ್ಯಾಕಪ್ ಮಾಡಿದ್ದು ಹೋದ ವರ್ಷ ಸರ್, ಈ ಎರಡು ಡಿಸ್ಕಿನಾಗ ಒಂದರಿಂದನ. ಮೊದಲ್ನೇದರಿಂದ ಓದಿರ್ಬೇಕು. ಅದು ಬ್ಯಾರೆ ಸಾಕ್ಷಿ ಅಲ್ಲ.” ಕುರ್ಚಿಯಿಂದ ಎದ್ದು ಹೇಳಿದಳು, “ನಾ ಮಾನ್ವಿಗೆ ಹೋಗಿ ರಿಜಿಸ್ಟರ್ ನೋಡಿ ಬರ್ತೀನ್ರಿ.”

ಸಂಸ್ಥೆ ಮಾನ್ವಿಯ ಹಳೆಯ ಕೋಣೆಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಬರೆದು ಮುಗಿದ ರಿಜಿಸ್ಟರುಗಳನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ ಅಲ್ಲಿಡುತ್ತಿದ್ದರು. ಕಲ್ಯಾಣಿ ಹತ್ತು ಗಂಟೆಯ ಬಸ್ಸಿಗೆ ಹೋದಳು. ಅಕ್ಟೋಬರ್ 2020ರ ರಿಜಿಸ್ಟರು ಮೂರನೇ ಟ್ರಂಕಿನಲ್ಲಿ ಸಿಕ್ಕಿತು. ಕೆಮಿಸ್ಟ್ ಮಂಜುಳಾಳ ದುಂಡು ಅಕ್ಷರದಲ್ಲಿ 1.3 ಎಂದು ಸ್ಪಷ್ಟವಾಗಿತ್ತು. ಅದರ ಫೋಟೋ ತೆಗೆದು ಅಂಬರೇಶರಿಗೆ ಕಳಿಸಿದಳು. ಅವರು ಆಗಲೇ ಶಾಲೆಯಿಂದ ಹೊಸ ಬಾಟಲಿ ತರಿಸಿ ಅಳೆದಿದ್ದರು. ಅದೂ ಒಂದೂ ಕಾಲರ ಆಸುಪಾಸು. ಮಾಸ್ತರಿಗೆ ಫೋನ್ ಹೋಯಿತು.

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಅಂಬರೇಶ ಮುಗಿಯಿತೆಂದೇ ತಿಳಿದರು. ಆದರೆ ಮಾನ್ವಿಯಿಂದ ಹಿಂದಿರುಗುವ ಬಸ್ಸಿನಲ್ಲಿ ಕಲ್ಯಾಣಿಗೆ ಒಂದು ವಿಚಾರ ಹೊಳೆಯಿತು. ತಪ್ಪು ಹೇಳಿದ್ದು ಮೊದಲ ಡಿಸ್ಕು. ರಿಪೇರ್ ಕಮಾಂಡ್ ನಂಬುವುದು ಮೊದಲ ಡಿಸ್ಕನ್ನು. ಆ ತಂತ್ರಜ್ಞ ಫೋನಿನಲ್ಲಿ ‘ಮಾಮೂಲಿ’ ಎಂದಿದ್ದ. ಹಾಗಾದರೆ ಇದೇ ಕಮಾಂಡನ್ನು ಹಿಂದೆಯೂ ಕೊಟ್ಟು, ಸುಳ್ಳನ್ನು ಎರಡೂ ಡಿಸ್ಕಿಗೆ ಹರಡಿರಬಹುದು.

ಕಚೇರಿಗೆ ಬಂದವಳೇ ಅವನು ಭೇಟಿ ಕೊಟ್ಟಾಗ ಬರೆದಿಟ್ಟ ಪುಸ್ತಕ ತೆಗೆದಳು. 2018ರ ಜೂನ್: ಮಿರರ್ ರಿಪೇರ್ ಮಾಡಿದೆ, ಸರಿ ಇದೆ. 2020ರ ಜನವರಿ: ಮಿರರ್ ರಿಪೇರ್ ಮಾಡಿದೆ, ಸರಿ ಇದೆ. ಎರಡು ಸಲವೂ ಕೆಳಗೆ ಅವಳದೇ ಸಹಿ ಇತ್ತು.

ಮರುದಿನ ಬೆಳಿಗ್ಗೆ ಮೊದಲ ಡಿಸ್ಕನ್ನು ಕಳಚಿ, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟಳು. ಆಮೇಲೆ ಎರಡು ಕೆಲಸ ಶುರುವಾದವು. ಒಂದು, ಇನ್ನು ಮುಂದೆ ಹೀಗಾಗದಂತೆ ಮಾಡುವುದು. ಇನ್ನೊಂದು, ಹಿಂದೆ ಏನಾಗಿದೆ ಎಂದು ನೋಡುವುದು.

ಮೊದಲನೆಯದಕ್ಕೆ ಒಂದು ತಿಂಗಳು ಹಿಡಿಯಿತು. ಲಿನಕ್ಸಿನೊಳಗೆ ಡಿಎಂ-ಇಂಟೆಗ್ರಿಟಿ ಎಂಬ ಒಂದು ಪದರವಿದೆ ಎಂದು ಅವಳು ಓದಿದ್ದಳು. ಡಿಸ್ಕು ಸಣ್ಣ ಸಣ್ಣ ತುಂಡುಗಳಾಗಿ ಇರುತ್ತದೆ. ಅವಕ್ಕೆ ಬ್ಲಾಕ್ ಎನ್ನುತ್ತಾರೆ. ಈ ಪದರ ಪ್ರತಿ ಬ್ಲಾಕ್ ಬರೆಯುವಾಗಲೂ ಅದರೊಳಗಿನ ಮಾಹಿತಿಯಿಂದ ಒಂದು ತಾಳೆ ಸಂಖ್ಯೆ ತೆಗೆದು ಜೊತೆಗೆ ಬರೆದಿಡುತ್ತದೆ. ಓದುವಾಗ ಮತ್ತೆ ತೆಗೆದು ಹೋಲಿಸುತ್ತದೆ. ಹೊಂದದಿದ್ದರೆ ಆ ಬ್ಲಾಕನ್ನು ಕೊಡುವುದಿಲ್ಲ, ಓದಲಾಗದು ಎನ್ನುತ್ತದೆ.

ಪ್ರಯೋಗಕ್ಕೆ ಹಳೆಯ ಡಿಸ್ಕು ಬೇಕಿತ್ತು. ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ರಾಹಿಲ್ ಎರಡು ಕೊಟ್ಟ. “ಹಾಳಾದ್ರ ಚಿಂತಿ ಮಾಡಬ್ಯಾಡ್ರಿ ಮೇಡಂ,” ಎಂದ. “ಹಾಳ ಮಾಡಾಕ ಒಯ್ಯಾಕತ್ತೀನಿ,” ಎಂದಳು ಅವಳು. ಅವನು ನಕ್ಕ. ಅವಳು ಹೇಳಿದ್ದು ತಮಾಷೆಯಲ್ಲ.

ಮೊದಲ ಪ್ರಯತ್ನದಲ್ಲಿ ಅವಳು ಎರಡು ಡಿಸ್ಕುಗಳ ಮಿರರ್ ಕಟ್ಟಿ, ಅದರ ಮೇಲೆ ಈ ಪದರವನ್ನು ಹಾಸಿದಳು. ಒಂದು ಡಿಸ್ಕಿನ ಮೇಲೆ ಬೇಕೆಂದೇ ಕಸ ಬರೆದು ಫೈಲ್ ತೆರೆದಾಗ, ಓದಲಾಗದು ಎಂದು ಬಂತು. ಇನ್ನೊಂದು ಡಿಸ್ಕಿನಲ್ಲಿ ಸರಿಯಾದ ಪ್ರತಿ ಇದ್ದರೂ ಅದರ ಕಡೆ ಹೋಗಲಿಲ್ಲ. ಆಗ ಗೊತ್ತಾಯಿತು: ಪದರ ಇರಬೇಕಾದದ್ದು ಮಿರರಿನ ಮೇಲಲ್ಲ, ಕೆಳಗೆ, ಒಂದೊಂದು ಡಿಸ್ಕಿಗೂ ಬೇರೆ ಬೇರೆ. ಆಗ ಒಂದು ಡಿಸ್ಕು ಓದಲಾಗದು ಎಂದ ಕೂಡಲೇ ಮಿರರ್ ಇನ್ನೊಂದರಿಂದ ತರಿಸುತ್ತದೆ, ಕೆಟ್ಟದ್ದರ ಮೇಲೆ ಸರಿಯಾದದ್ದನ್ನು ಬರೆಯುತ್ತದೆ. ಎರಡನೇ ಪ್ರಯತ್ನದಲ್ಲಿ ಅವಸರ ಮಾಡಿ, ಡಿಸ್ಕನ್ನು ಪೂರ್ತಿ ಒರೆಸುವ ಹಂತವನ್ನು ಬಿಟ್ಟಳು. ಎಂದೂ ಬರೆಯದ ಬ್ಲಾಕುಗಳಿಗೆ ತಾಳೆ ಸಂಖ್ಯೆಯೇ ಇಲ್ಲದೆ ಮಿರರ್ ಅರ್ಧಕ್ಕೆ ನಿಂತಿತು. ಮೂರನೆಯ ಸಲ ಎಲ್ಲವನ್ನೂ ನಿಧಾನವಾಗಿ ಮಾಡಿದಳು. ನೋಟುಬುಕ್ಕಿನಲ್ಲಿ ಈ ಮೂರೂ ಪ್ರಯತ್ನಗಳಿಗೆ ಹದಿನಾಲ್ಕು ಪುಟವಾಗಿದೆ.

ಅಂಬರೇಶರನ್ನು ಕರೆದು ತೋರಿಸಿದಳು. ಒಂದು ಫೈಲ್ ಬರೆದಳು, ಒಂದು ಡಿಸ್ಕಿನಲ್ಲಿ ಅದೇ ಜಾಗಕ್ಕೆ ಕಸ ಸುರಿದಳು, ಮಷಿನನ್ನು ಆರಿಸಿ ಹಚ್ಚಿ ಫೈಲ್ ತೆರೆದಳು. ಇದ್ದಂತೆಯೇ ಇತ್ತು.

“ಏನೂ ಆಗಿಲ್ಲಲ್ಲ?” ಎಂದರು ಅಂಬರೇಶ.

ಅವಳು ಸಿಸ್ಟಮ್ಮಿನ ಲಾಗ್, ಅಂದರೆ ಮಷಿನ್ ತಾನೇ ಬರೆದಿಡುವ ದಿನಚರಿ, ತೆರೆದು ತೋರಿಸಿದಳು. ಇಂಥ ಡಿಸ್ಕಿನ ಇಂಥ ಜಾಗದಲ್ಲಿ ತಾಳೆ ತಪ್ಪಿದೆ ಎಂದು ಒಂದು ಸಾಲು ಬಿದ್ದಿತ್ತು.

ಅವರು ಅದನ್ನು ಎರಡು ಸಲ ಓದಿದರು. “ನಿಧಾನ ಆಗ್ತದ ಅಂತಲ್ಲ ಇದು?”

“ಹೌದ್ರಿ. ಬರಿಯೋದನ್ನ ಮೊದ್ಲು ಜರ್ನಲಿನಾಗ ಬರದು, ಆಮ್ಯಾಲ ಅದರ ಜಾಗಕ್ಕ ಬರೀತದ. ನಡುವ ಕರೆಂಟ್ ಹೋದ್ರ ಅರ್ಧಮರ್ಧ ಆಗಬಾರ್ದಂತ. ನಮ್ಮಲ್ಲಿ ಕರೆಂಟ್ ಹೋಗಲಾರದ ವಾರ ಯಾವುದದ ಹೇಳ್ರಿ?”

“ಇನ್ನ ಎಲ್ಲಾ ತಪ್ಪು ಸಿಗ್ತಾವೇನು?”

“ಇಲ್ರಿ. ನಾ ಟೈಪ್ ಮಾಡುವಾಗ ತಪ್ಪಿದ್ರ ಆ ತಪ್ಪನ್ನ ಜ್ವಾಪಾನ ಮಾಡಿ ಇಡ್ತದ. ಡಿಸ್ಕಿಗೆ ಹೋದ ಮ್ಯಾಲ ಬದಲಾದ್ರ ಅಷ್ಟ ಹಿಡೀತದ.”

ಅಂಬರೇಶ ಹೊಸ ಡಿಸ್ಕುಗಳಿಗೆ ಒಪ್ಪಿಗೆ ಬರೆದರು. ಅಕ್ಟೋಬರ್ ಹೊತ್ತಿಗೆ ಸರ್ವರ್ ಹೊಸ ವ್ಯವಸ್ಥೆಗೆ ಬಂತು. ಹಳ್ಳಿಗಳಿಂದ ಬರುವ ಫೋಟೋ ಏರಿಸಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ ಎಂದು ಕೆಲವರು ಗೊಣಗಿದರು.

ಎರಡನೇ ಕೆಲಸ ಉದ್ದದ್ದು. ಆ ಸರ್ವರಿನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಸಾಲುಗಳಿದ್ದವು. ಎರಡು ಡಿಸ್ಕೂ ಒಂದೇ ಹೇಳುವ ಸಾಲುಗಳಲ್ಲಿ ಯಾವುದು ಸುಳ್ಳು ಎಂದು ಹೇಳಲು ಯಾವ ಕಮಾಂಡೂ ಇಲ್ಲ. ರಿಜಿಸ್ಟರಿನೊಂದಿಗೆ ಒಂದೊಂದನ್ನೂ ತಾಳೆ ನೋಡಬೇಕು. ಮಾನ್ವಿಯ ಟ್ರಂಕುಗಳು ರಾಯಚೂರಿಗೆ ಬಂದವು. ದಿನವೂ ಊಟದ ನಂತರ ಎರಡು ತಾಸು ಮಂಜುಳಾ ರಿಜಿಸ್ಟರ್ ಓದುವಳು, ಕಲ್ಯಾಣಿ ಪರದೆ ನೋಡುವಳು. ಊರು, ಪಂಪು, ಅಂಕಿ. ಊರು, ಪಂಪು, ಅಂಕಿ. ಮೊದಲ ವಾರ ಇಬ್ಬರೂ ಮಾತಾಡುತ್ತ ಮಾಡಿದರು. ಆಮೇಲೆ ಮಾತು ನಿಂತಿತು. ಡಿಸೆಂಬರಿನಲ್ಲಿ ಒಂದು ತಪ್ಪು ಸಿಕ್ಕಿತು, ಆದರೆ ಆ ಬೋರು ಬತ್ತಿ ಮೂರು ವರ್ಷವಾಗಿತ್ತು. ಜನವರಿ ಇಡೀ ಏನೂ ಸಿಗಲಿಲ್ಲ.

2023ರ ಫೆಬ್ರವರಿ ಹದಿನಾರರಂದು ಮಂಜುಳಾ ಒಂದು ಊರಿನ ಹೆಸರು ಓದಿದಳು. ದೇವದುರ್ಗ ತಾಲ್ಲೂಕಿನದು, ಹೆಸರು ಇಲ್ಲಿ ಬೇಡ. “ಶಾಲಿ ಮುಂದಿನ ಪಂಪು. ಒಂಬತ್ತು ಪಾಯಿಂಟ್ ಒಂದು.”

ಕಲ್ಯಾಣಿ ಮುಂದಿನದಕ್ಕೆ ಹೋಗಲಿಲ್ಲ. ಪರದೆಯ ಮೇಲೆ 1.1 ಇತ್ತು. ಪರೀಕ್ಷೆ 2018ರ ಮಾರ್ಚಿನದು. ರಿಪೇರ್ ಆದದ್ದು ಜೂನಿನಲ್ಲಿ. ಊರಿಗೆ ಕಾಗದ ಹೋದದ್ದು ಜುಲೈಯಲ್ಲಿ. ಪಂಪಿಗೆ ಹಸಿರು ಬಣ್ಣ ಬಳಿದು ಐದು ವರ್ಷವಾಗುತ್ತ ಬಂದಿತ್ತು.

ಆ ಊರಿನ ನೀರು ತಂದವರು ದಾವಲ್ ಬೀ. ದೇವದುರ್ಗದವರು, ಐವತ್ತು ದಾಟಿದವರು, ಇಪ್ಪತ್ತು ಹಳ್ಳಿಗಳ ನೀರನ್ನು ಬಾಟಲಿಗೆ ತುಂಬಿ ತರುವ ಕೆಲಸ ಅವರದು. ಬಾಟಲಿ ತುಂಬುವ ಮೊದಲು ಒಂದು ಸಣ್ಣ ಕೊಳವೆಯಲ್ಲಿ ಔಷಧ ಹಾಕಿ ಬಣ್ಣ ನೋಡುತ್ತಾರೆ. ಗುಲಾಬಿಯಾಗಿ ಉಳಿದರೆ ಫ್ಲೋರೈಡ್ ಕಡಿಮೆ, ಹಳದಿಗೆ ತಿರುಗಿದರೆ ಹೆಚ್ಚು. ಅದು ಅಂದಾಜು ಮಾತ್ರ.

ಕಲ್ಯಾಣಿಗೆ ಆಗ ನೆನಪಾಯಿತು. ಆ ಜುಲೈಯಲ್ಲಿ ದಾವಲ್ ಬೀ ಕಾಗದ ಹಿಡಿದುಕೊಂಡು ರಾಯಚೂರಿಗೇ ಬಂದಿದ್ದರು. ಈ ಪಂಪಿನ ನೀರು ತಮ್ಮ ಕೊಳವೆಯಲ್ಲಿ ಹಳದಿಯಾಗಿತ್ತು, ಹಸಿರು ಹೇಗೆ ಬಳಿಯುವುದು ಎಂದು ಕೇಳಿದ್ದರು. ಕಲ್ಯಾಣಿ ಫೈಲ್ ತೆರೆದು ತೋರಿಸಿದ್ದಳು. “ನೋಡು ಅಕ್ಕಾ, ಒಂದು ಪಾಯಿಂಟ್ ಒಂದು ಅದ. ನಿನ್ನ ಕೊಳವಿ ಅಂದಾಜಿಂದು. ಕಂಪ್ಯೂಟರ್ ತಪ್ಪಂಗಿಲ್ಲ,” ಎಂದಿದ್ದಳು. ದಾವಲ್ ಬೀ ಪರದೆಯನ್ನು ನೋಡಿ, ಚಹಾ ಕುಡಿದು ಹೋಗಿದ್ದರು. ರಿಜಿಸ್ಟರು ಅಂದು ಮಂಜುಳಾಳ ಮೇಜಿನ ಮೇಲೆಯೇ ಇತ್ತು. ಕಲ್ಯಾಣಿ ಅದನ್ನು ತೆರೆದಿರಲಿಲ್ಲ.

ಅಂಬರೇಶ ಬಾಗಿಲು ಹಾಕಿಕೊಂಡು ಮಾತಾಡಿದರು. “ನಾಳಿ ಜೀಪ್ ಕಳಿಸಿ ಕೆಂಪು ಬಣ್ಣ ಹಚ್ಚಿಸೋಣು. ಹೊಸ ಪರೀಕ್ಷಿ ಒಳಗ ಹೆಚ್ಚು ಬಂತು ಅಂದ್ರಾತು. ನೀರು ವರ್ಷ ವರ್ಷ ಬದಲಾಗ್ತದ, ಅದು ಸುಳ್ಳಲ್ಲ.”

“ಹೊಸದು ಅಲ್ರಿ ಸರ್. ಐದು ವರ್ಷದ ಹಿಂದ ನಾವ ಅಳದು ನಾವ ಬರದದ್ದು.”

“ಊರಿಗೆ ಹೋಗಿ ಅದನ್ನ ಹೇಳಿದ್ರ ನಾಳಿಂದ ನಮ್ಮ ಕಾಗದ ಯಾರು ನಂಬ್ತಾರ?”

“ನಂಬಬಾರ್ದಿತ್ತು ಅನ್ನೋದು ಖರೇನ ಅದಲ್ರಿ.”

ಅಂಬರೇಶ ರಿಜಿಸ್ಟರಿನ ಆ ಪುಟವನ್ನು ಎಳೆದುಕೊಂಡು ಮತ್ತೆ ಓದಿದರು. ಆ ಊರಿನಿಂದ ಹದಿನೈದು ಕಿಲೋಮೀಟರ್ ಆಚೆ ಅವರ ಅಕ್ಕನ ಮನೆಯಿದೆ. ಕೊನೆಗೆ ಒಂದು ಪುಟದ ಕಾಗದ ಬರೆಸಿದರು. 2018ರಲ್ಲಿ ಅಳೆದದ್ದು ಎಷ್ಟು, ಕಳಿಸಿದ್ದು ಎಷ್ಟು, ತಪ್ಪು ಸಂಸ್ಥೆಯದು. ಕೆಳಗೆ ಸಹಿ ಹಾಕಿದರು. ಊರಿಗೆ ಮಾತ್ರ ಬರಲಿಲ್ಲ.

ಕಲ್ಯಾಣಿ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಮೊದಲು ದಾವಲ್ ಬೀ ಮನೆಗೆ ಹೋದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ದಾವಲ್ ಬೀ ಕೇಳಿ ಮುಗಿಸಿ ಒಳಗೆ ಹೋಗಿ, ಚಿಕ್ಕ ಪುಸ್ತಕ ತಂದು, 2018ರ ಮಾರ್ಚಿನ ಪುಟ ತೆಗೆದರು. ಆ ಪಂಪಿನ ಎದುರು ‘ಹಳದಿ’ ಎಂದಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಗುಲಾಬಿ?’ ಎಂದು ಬರೆದಿತ್ತು.

“ನಿನ್ನ ಕಡಿಂದ ಬಂದ ಮ್ಯಾಲ ನಾನ ಹೊಡದ ಹಾಕಿದ್ದು,” ಎಂದರು. “ನನ್ನ ಕಣ್ಣಿನ ಮ್ಯಾಲ ನನಗ ಗುಮಾನಿ ಬಂತು. ಆ ವರ್ಷ ಕಣ್ಣಿನ ಡಾಕ್ಟರ ಹತ್ರ ಸುದ್ದಾ ಹೋಗಿದ್ದೆ.”

ದಾವಲ್ ಬೀ ಬುರ್ಖಾ ಹಾಕಿಕೊಂಡು, “ನಡಿ, ಹನ್ನೆರಡರ ಬಸ್ ಅದ,” ಎಂದರು.

ಊರಿನಲ್ಲಿ ಶಾಲೆಯ ಎದುರಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಸೇರಿದರು. ತಾಯಪ್ಪ ಎಂಬ ಅರವತ್ತರ ರೈತ ಮುಂದೆ ಕುಳಿತಿದ್ದ. ಪಂಪಿಗೆ ಅಂಟಿಕೊಂಡಂತೆ ಅವನ ಮನೆ. ಅವನ ಹೆಂಡತಿ ಅಮರಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕಲ್ಯಾಣಿ ಕಾಗದ ಓದಿದಳು, ಆಮೇಲೆ ಕಾಗದ ಮಡಚಿ ತನ್ನ ಮಾತಿನಲ್ಲಿ ಮತ್ತೆ ಹೇಳಿದಳು. ಒಂಬತ್ತು ಇದ್ದದ್ದು ಡಿಸ್ಕಿನಲ್ಲಿ ಒಂದಾಯಿತು. ಅದನ್ನು ಹಿಡಿಯುವ ವ್ಯವಸ್ಥೆ ಇರಲಿಲ್ಲ. ರಿಜಿಸ್ಟರ್ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ತಾನು ನೋಡಲಿಲ್ಲ.

ಯಾರೂ ಕೂಗಾಡಲಿಲ್ಲ. ತಾಯಪ್ಪ ದಾವಲ್ ಬೀ ಕಡೆ ತಿರುಗಿದ.

“ಯವ್ವಾ, ನೀ ಆವಾಗ ಬಣ್ಣ ಹಚ್ಚುವಾಗ ಬ್ಯಾಡಂದಿದ್ದಿ. ನಾವ ಇವರ ಕಾಗದ ನಿನಗ ತೋರಿಸಿ ಕಳಿಸಿದ್ವಿ.”

“ನಾನೂ ಆಮ್ಯಾಲ ಸುಮ್ಮಾದೆ,” ಎಂದರು ದಾವಲ್ ಬೀ.

ಅಮರಮ್ಮ ಮೊಮ್ಮಗಳ ತುಟಿ ಸರಿಸಿ ಹಲ್ಲು ತೋರಿಸಿದಳು. ಏಳು ವರ್ಷದ ಹುಡುಗಿ. ಹೊಸದಾಗಿ ಬಂದ ಮುಂದಿನ ಎರಡು ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು.

“ಹಲ್ಲು ಉಜ್ಜಂಗಿಲ್ಲಂತ ಈಕಿಗೆ ದಿನಾ ಬೈತಿದ್ದೆ. ಇದಾ ಏನಬೇ?”

“ಈ ನೀರಿಂದನ ಇರಬೇಕು ಯವ್ವಾ. ಡಾಕ್ಟರು ನೋಡಿ ಹೇಳ್ತಾರ.”

“ಹೋಗ್ತಾವೇನು?”

“ಹೋಗಂಗಿಲ್ಲ,” ಎಂದಳು ಕಲ್ಯಾಣಿ. “ಈಗಿಂದ ನೀರು ಬದಲ ಮಾಡಿದ್ರ ಮುಂದ ಬರೋ ಹಲ್ಲು, ಎಲುವು ಉಳೀತಾವ.”

ಹುಡುಗಿ ಬಾಯಿ ಮುಚ್ಚಿಕೊಂಡಳು. ತಾಯಪ್ಪ ಎದ್ದು ಮನೆಗೆ ಹೋಗಿ ಪಾನಾ ತಂದು, ಎಲ್ಲರೂ ನೋಡುತ್ತಿದ್ದಂತೆ ಪಂಪಿನ ಹಿಡಿಯ ನಟ್ಟು ಬಿಚ್ಚಿದ. ಹಿಡಿಯನ್ನು ಹೆಗಲ ಮೇಲೆ ಹಾಕಿಕೊಂಡು ಒಳಗಿಟ್ಟು ಬಂದ. “ಈಗ ನೀರಿಗೆ ಎಲ್ಲಿ ಹೋಗಬೇಕು, ಅದನ್ನ ಹೇಳು,” ಎಂದ. ಕೆರೆಯ ಆಚೆಯ ಪಂಪಿನ ಅಂಕಿಯನ್ನು ಕಲ್ಯಾಣಿ ರಿಜಿಸ್ಟರಿನಿಂದಲೇ ಬರೆದುಕೊಂಡು ಹೋಗಿದ್ದಳು. ಆದರೂ ಅವನು, “ಕಾಗದ ಬ್ಯಾಡ, ನಮ್ಮ ಎದುರಿಗೆ ನೋಡ್ರಿ,” ಎಂದ. ಹತ್ತು ಜನ ಕೆರೆ ದಾಟಿ ಹೋದರು. ದಾವಲ್ ಬೀ ಕೊಳವೆಗೆ ನೀರು ಹಾಕಿ, ಔಷಧ ಬಿಟ್ಟು, ಬಿಸಿಲಿಗೆ ಹಿಡಿದರು. ಗುಲಾಬಿಯಾಗಿಯೇ ಉಳಿಯಿತು. ತಾಯಪ್ಪ ಅದನ್ನು ಕೈಗೆ ತೆಗೆದುಕೊಂಡು ಪ್ರತಿಯೊಬ್ಬರಿಗೂ ತೋರಿಸಿದ.

ಕೆರೆಯಾಚೆಯಿಂದ ಕೊಡ ಹೊರುವುದು ಎಂಟು ತಿಂಗಳು ನಡೆಯಿತು. ಅಂಬರೇಶ ಪಂಚಾಯಿತಿಗೆ ಆರು ಸಲ ಓಡಾಡಿದ ಮೇಲೆ ಕೊಳಾಯಿ ಸಾಲು ಬಂತು. ರಾಯಚೂರಿನ ಹಲ್ಲಿನ ಡಾಕ್ಟರೊಬ್ಬರನ್ನು ಅವರು ಎರಡು ಸಲ ಆ ಶಾಲೆಗೆ ಕರೆದೊಯ್ದರು. ಎರಡನೇ ಸಲ ಜೊತೆಯಲ್ಲಿ ತಾವೂ ಇಳಿದು, ಕಟ್ಟೆಯ ಮೇಲೆ ಕುಳಿತು ಮಾತಾಡಿದರು. ಹೈದರಾಬಾದಿನ ತಂತ್ರಜ್ಞನ ಕರಾರು ಮುಂದುವರಿಯಲಿಲ್ಲ. ಹನ್ನೊಂದು ಸಾವಿರ ಸಾಲುಗಳ ತಾಳೆ ಮಾರ್ಚ್ ಕೊನೆಗೆ ಮುಗಿಯಿತು. ಮತ್ತೆ ಯಾವ ತಪ್ಪೂ ಸಿಗಲಿಲ್ಲ.

ನಿಯಮ ಎರಡು ಬದಲಾದವು. ಕಾಗದ ಹೊರಡುವ ಮೊದಲು ಇಬ್ಬರು ಕುಳಿತು ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು. ಫೈಲಿನಲ್ಲಿ ದಾವಲ್ ಬೀಯಂಥವರು ನೋಡಿದ ಬಣ್ಣಕ್ಕೆ ಒಂದು ಕಾಲಂ ಇರಬೇಕು; ಬಣ್ಣಕ್ಕೂ ಅಂಕಿಗೂ ಹೊಂದದಿದ್ದರೆ ಕಾಗದ ನಿಲ್ಲಬೇಕು. ಮೊದಲ ವರ್ಷವೇ ಹಾಗೆ ನಾಲ್ಕು ನಿಂತವು. ಮೂರರಲ್ಲಿ ಅಂಕಿ ಸರಿಯಿತ್ತು. ಒಂದರಲ್ಲಿ ಬಾಟಲಿಯ ಚೀಟಿ ಅದಲುಬದಲಾಗಿತ್ತು. ಅಂಥದ್ದು ಯಾವ ಡಿಸ್ಕಿಗೂ ಸಿಗುವಂಥದ್ದಲ್ಲ.

ಆ ಊರಿಗೆ ಹೋಗಿಬಂದ ಮೇಲೆ ಒಂದಷ್ಟು ದಿನ ಕಲ್ಯಾಣಿ ಕುರ್ಡಿಯಲ್ಲಿ ತಾಯಿಯ ಬಳಿ ಇದ್ದಳು. ರಜೆಗೆ ಕಾರಣ ಕೇಳಿದರೆ ಬೆನ್ನುನೋವು ಎಂದಳು. ತಾಯಿಗೆ ಮಾತ್ರ ನಡೆದದ್ದನ್ನೆಲ್ಲ ಹೇಳಿದಳು. ನಾಲ್ಕನೇ ದಿನ ಗೋಪಮ್ಮ, “ತಪ್ಪು ನಿನ್ನದ, ಹೇಳಿದಾಕಿನೂ ನೀನ. ಇನ್ನ ಹೊತ್ಗೊಂಡು ಕುಂತ್ರ ನಾಳಿ ಮಷಿನ್ ಯಾರು ನೋಡ್ತಾರ?” ಎಂದಳು. ಕಲ್ಯಾಣಿ ಮರುದಿನದ ಬಸ್ಸಿಗೆ ಬಂದಳು. ಬಹಳ ಸಮಾಧಾನವೇನೂ ಆಗಿರಲಿಲ್ಲ ಎಂದು ಅವಳೇ ಹೇಳುತ್ತಾಳೆ. ಕೆಲಸ ಇತ್ತು, ಬಂದೆ ಎನ್ನುತ್ತಾಳೆ.

ಈಗ ತಿಂಗಳಿಗೊಮ್ಮೆ ಎರಡು ಡಿಸ್ಕುಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿಸುತ್ತಾಳೆ. ದಿನವೂ ಬೆಳಿಗ್ಗೆ ಲಾಗ್ ನೋಡುತ್ತಾಳೆ. 2024ರ ಏಪ್ರಿಲ್‌ನಲ್ಲಿ, ಬಿಸಿಲು ನಲವತ್ತೆರಡು ದಾಟಿದ ವಾರ, ಲಾಗಿನಲ್ಲಿ ಮೂರು ಸಾಲು ಬಿದ್ದಿದ್ದವು. ಎರಡನೇ ಡಿಸ್ಕಿನ ಮೂರು ಬ್ಲಾಕುಗಳಲ್ಲಿ ತಾಳೆ ತಪ್ಪಿತ್ತು. ಮಿರರ್ ಇನ್ನೊಂದರಿಂದ ಓದಿ ಸರಿಪಡಿಸಿತ್ತು. ಅವಳು ಮೂರು ಫೈಲುಗಳನ್ನೂ ರಿಜಿಸ್ಟರಿನೊಂದಿಗೆ ನೋಡಿದಳು. ಸರಿಯಾಗಿದ್ದವು. ರಾಹಿಲನ ಅಂಗಡಿಯಿಂದ ಹೊಸ ಡಿಸ್ಕು ತರಿಸಿ, ಪೂರ್ತಿ ಒರೆಸಲು ಬಿಟ್ಟು, ಮರುದಿನ ಮಿರರಿಗೆ ಸೇರಿಸಿದಳು. ಕೆಳಗಿನ ಪ್ರಯೋಗಾಲಯದಲ್ಲಿ ಯಾರಿಗೂ ಇದು ಗೊತ್ತಾಗಲಿಲ್ಲ. ಅಂದು ಕುರ್ಡಿಯಲ್ಲಿ ಕಲ್ಯಾಣಿಯ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಹೊಸ ಡಿಸ್ಕಿಗೆ ನಕಲು ಅರ್ಧ ಮುಗಿದದ್ದನ್ನು ನೋಡಿಕೊಂಡು, ಕೋಣೆಗೆ ಬೀಗ ಹಾಕಿ, ನಾಲ್ಕು ಗಂಟೆಯ ಮಾನ್ವಿ ಬಸ್ಸು ಹಿಡಿಯಲು ಹೊರಟಳು.